ಮರಿ ಮುದ್ದಾಗಿದೆ ಸರಿ, ಹಗಲು ಮನೆಯಲ್ಲಿ ಯಾರಿರ್ತಾರೆ?

ನಮ್ಮ ಬೀದಿಯಲ್ಲಿ ನನಗೆ ‘ನಾಯಿ ಆಂಟಿ’ ಅಂತ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಆದರೆ ಸೊಪ್ಪಿನವಳಿಂದ ಹಿಡಿದು ಕೊರಿಯರ್ ಹುಡುಗನವರೆಗೆ ಎಲ್ಲರಿಗೂ ಗೊತ್ತು. ನಮ್ಮ ಕರಿಯ ಇದ್ದ ಕಾಲದಲ್ಲಿ ಬಂದ ಹೆಸರು ಅದು. ಕರಿಯ ಬೀದಿಯಿಂದ ತಾನಾಗಿಯೇ ಒಳಗೆ ಬಂದು ಕೂತ ನಾಯಿ. ಹದಿನಾಲ್ಕು ವರ್ಷ ಇದ್ದು ಹೋದ. ಅವನು ಹೋದರೂ ಹೆಸರು ಉಳಿಯಿತು. ಹದ್ದಿನ ರೆಕ್ಕೆಗೆ ಗಾಳಿಪಟದ ದಾರ ಸುತ್ತಿಕೊಂಡರೆ, ಅಳಿಲ ಮರಿ ಗೂಡಿನಿಂದ ಬಿದ್ದರೆ, ಯಾರದೋ ಕಾರಿನ ಬಾನೆಟ್ ಒಳಗೆ ಬೆಕ್ಕಿನ ಮರಿ ಅತ್ತರೆ, ಬೆಲ್ ಆಗುವುದು ನಮ್ಮ ಮನೆಯದು.

ಹಾಗಾಗಿ ಹಿಂದಿನ ರಸ್ತೆಯ ಮೂರನೇ ಮಹಡಿಯ ಗಂಡ ಹೆಂಡತಿ ನಾಯಿಮರಿ ಎತ್ತಿಕೊಂಡು ಬಂದು ನಿಂತಾಗ ವಿಷಯ ಏನು ಅಂತ ಕೇಳಬೇಕಾಗಿರಲಿಲ್ಲ. ಇಬ್ಬರೂ ಚಿಕ್ಕವರು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಇಬ್ಬರೂ ಐಟಿ ಕಂಪನಿ. ಹುಡುಗ ಜಮಖಂಡಿ ಕಡೆಯವನು.

“ಆಂಟಿ, ಒಂದೀಟ ಮಾತಾಡೂದಿತ್ರಿ,” ಅಂದ. “ನಮಗ ಇದನ್ನ ಸಾಕಾಕ ಆಗವಲ್ದರಿ. ನಿಮಗ ನಾಯಿ ಅಂದ್ರ ಜೀವ ಅಂತ ಎಲ್ಲಾರೂ ಹೇಳಿದ್ರು.”

ಹುಡುಗಿ ಏನೂ ಹೇಳಲಿಲ್ಲ. ಮರಿಯನ್ನು ಕೆಳಗೆ ಬಿಟ್ಟಳು, ಅಷ್ಟೆ. ಅದು ನೇರ ಹೋಗಿ ನಮ್ಮನೆಯವರ ಚಪ್ಪಲಿಯ ಉಂಗುಷ್ಠ ಕಚ್ಚಿಕೊಂಡು ಕೂತಿತು.

ಮುಧೋಳದ ಮರಿ. ಹೆಣ್ಣು. ಮಣ್ಣಿನ ಬಣ್ಣ, ಎದೆಯ ಮೇಲೆ ಒಂದು ಬಿಳಿ ಪಟ್ಟಿ. ದೇಹಕ್ಕೆ ಒಪ್ಪದಷ್ಟು ಉದ್ದ ಕಾಲು, ದಪ್ಪ ಮಂಡಿ, ಒಳಗೆ ಸೇರಿದ ಹೊಟ್ಟೆ. ಪಕ್ಕೆಲುಬು ಎಣಿಸಬಹುದು. ಈ ತಳಿ ಇರುವುದೇ ಹಾಗೆ, ಆದರೆ ಬೆಂಗಳೂರಿನಲ್ಲಿ ಇದನ್ನು ವಾಕಿಂಗ್ ಕರೆದುಕೊಂಡು ಹೋದರೆ ದಾರಿಯಲ್ಲಿ ನಾಲ್ಕು ಜನ ‘ಊಟ ಹಾಕಲ್ವಾ?’ ಅಂತ ಕೇಳದೆ ಬಿಡುವುದಿಲ್ಲ. ಹೆಸರು ಲೂನಾ ಅಂತೆ. ಒಳಗಿಂದ ಅತ್ತೆ ಕೇಳಿಸಿಕೊಂಡರು. “ಲೂನಾನಾ? ನಿಮ್ಮ ಮಾವ ಅದರಲ್ಲೇ ಅಲ್ವೇನೇ ನನ್ನ ಕೂರಿಸ್ಕೊಂಡು ಬನಶಂಕರಿ ದೇವಸ್ಥಾನಕ್ಕೆ ಹೋಗ್ತಿದ್ದದ್ದು!” ಅಂದರು. ಹುಡುಗ ಹುಡುಗಿ ಮುಖ ಮುಖ ನೋಡಿಕೊಂಡರು. ಅವರು ಹುಟ್ಟುವ ಹೊತ್ತಿಗೆ ಲೂನಾ ಅನ್ನುವ ಆ ಮೊಪೆಡ್ ಗಾಡಿಯ ಕಾಲ ಮುಗಿಯುತ್ತಾ ಬಂದಿತ್ತು.

ಇವರು ಮುಧೋಳದ ನಾಯಿಯನ್ನೇ ಯಾಕೆ ತಂದರು ಅನ್ನುವುದು ಊಹಿಸಬಹುದಾದ ಕಥೆ. ಆ ಕಡೆಯವರಿಗೆ ಅದು ಊರಿನ ಹೆಮ್ಮೆ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಬೇಟೆಗೆಂದು ಸಾಕಿದ ತಳಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಸ್ಟಾಂಪ್ ತಂದಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಸೇನೆಯವರು ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ದೇಶಿ ತಳಿ ಸಾಕಿ ಅನ್ನುತ್ತಾ ಮುಧೋಳದ ಹೆಸರು ಹೇಳಿದರು. ಅಲ್ಲಿಗೆ ಬೆಂಗಳೂರಿನ ಫ್ಲ್ಯಾಟುಗಳವರಿಗೂ ಈ ನಾಯಿಯ ಮೇಲೆ ಕಣ್ಣು ಬಿತ್ತು.

ಒಂದೊಂದು ಕಾಲಕ್ಕೆ ಒಂದೊಂದು ನಾಯಿ. ನಾನು ಚಿಕ್ಕವಳಿದ್ದಾಗ ಎಲ್ಲರ ಮನೆಯಲ್ಲೂ ಪೊಮೆರೇನಿಯನ್. 2003ರಲ್ಲಿ ಹಚ್ ಮೊಬೈಲ್ ಜಾಹೀರಾತು ಬಂದ ಮೇಲೆ ಪಗ್. ಈಗಲೂ ಅದನ್ನು ಹಚ್ ನಾಯಿ ಅಂತಲೇ ಅನ್ನುವವರಿದ್ದಾರೆ. ಲಾಕ್‌ಡೌನ್‌ನಲ್ಲಿ ಹಸ್ಕಿ, ಬೀಗಲ್. ಮನೆಯಿಂದ ಕೆಲಸ ಮುಗಿದು ಆಫೀಸು ಶುರುವಾದ ಮೇಲೆ ಅವುಗಳಲ್ಲಿ ಎಷ್ಟೋ ನಾಯಿಗಳು ಮನೆ ಬದಲಾಯಿಸಿದವು. ಕೆಲವು ಬೀದಿಗೂ ಬಂದವು.

ದೇಶಿ ತಳಿ ಅಂದರೆ ಖರ್ಚಿಲ್ಲ, ಕಾಯಿಲೆ ಇಲ್ಲ, ನಮ್ಮ ಹವೆಗೆ ಒಗ್ಗುತ್ತದೆ ಅಂತ ಜನ ಹೇಳುತ್ತಾರೆ. ಹವೆಯ ಮಾತು ಸರಿ. ಹಸ್ಕಿ ತಂದು ಎಸಿ ಹಾಕಿ ಮಲಗಿಸುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಮುಧೋಳ ಓಡುವ ನಾಯಿ. ಮೂಸಿ ಹುಡುಕುವುದಕ್ಕಿಂತ, ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟುವುದು ಅದರ ಸ್ವಭಾವ. ನಮ್ಮ ಮುದಿ ಬೆಕ್ಕು ಮಿಣಕಿ ಆ ಹೊತ್ತಿಗೆ ಕಾಂಪೌಂಡ್ ಗೋಡೆಯ ಮೇಲೆ ನಡೆದು ಹೋಯಿತು. ಮರಿಯ ಬಾಯಿಂದ ಚಪ್ಪಲಿ ಬಿತ್ತು. ಎದ್ದು ನಿಂತಿತು. ಮುಂದಿನ ಒಂದು ಕಾಲು ಅರ್ಧಕ್ಕೆ ಎತ್ತಿತ್ತು, ಬಾಲ ಅಲ್ಲಾಡಲಿಲ್ಲ, ಕತ್ತು ಮಾತ್ರ ಬೆಕ್ಕಿನ ಜೊತೆ ನಿಧಾನಕ್ಕೆ ತಿರುಗಿತು. ಯಾರೂ ಕಲಿಸಿದ್ದಲ್ಲ. ನಾಲ್ಕು ತಿಂಗಳೂ ತುಂಬದ ಮರಿ. ನನಗೆ ಆಗಲೇ ಮನಸ್ಸು ಅರ್ಧ ಕರಗಿತ್ತು, ಅರ್ಧ ಎಚ್ಚರ ಆಗಿತ್ತು.

ಮಾರಿದವನು ಎರಡು ತಿಂಗಳ ಮರಿ ಅಂದಿದ್ದನಂತೆ. ಮೊದಲ ಸಲ ನೋಡಿದ ಡಾಕ್ಟರು ಕಾರ್ಡಿನಲ್ಲಿ ‘ಸುಮಾರು ಆರು ವಾರ’ ಅಂತ ಬರೆದಿದ್ದರು. ಎಂಟು ವಾರ ತುಂಬದೆ ಮರಿ ಮಾರಬಾರದು ಅಂತ 2017ರಲ್ಲಿ ಬಂದ ಕೇಂದ್ರದ ನಿಯಮ ಹೇಳುತ್ತದೆ. ಮಾರುವವರು ಒಂದೊಂದು ದಿನವೂ ಹಾಲು, ಊಟ, ಔಷಧಿಯ ಖರ್ಚು ಅಂತ ಬೇಗ ಸಾಗಹಾಕುತ್ತಾರೆ. ಆ ಎರಡು ವಾರದಲ್ಲಿ ಏನು ಮಹಾ ಅಂತ ಅನಿಸಬಹುದು. ಜೊತೆಯ ಮರಿಗಳ ಜೊತೆ ಕಚ್ಚಾಡುವಾಗಲೇ ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದು ಮರಿಗೆ ಗೊತ್ತಾಗುವುದು. ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕುಂಯ್ ಅಂದು ಆಟ ಬಿಡುತ್ತದೆ. ತಾಯಿ ಗುರ್ ಅನ್ನುತ್ತದೆ. ಆ ಪಾಠ ಸಿಗದ ಮರಿಗೆ ಅದೇ ಪಾಠವನ್ನು ಮನುಷ್ಯರ ಕೈಯ ಮೇಲೆ ಕಲಿಸಬೇಕಾಗುತ್ತದೆ. ಹುಡುಗಿಯ ಎರಡೂ ಮುಂಗೈ ತುಂಬ ಗೀರು.

ವಾಪಸ್ ಕೊಡಬಹುದಲ್ಲ ಅಂದೆ. ನಾಯಿಮರಿ ಬೇಡ ಅಂತ ಯಾರು ಬಂದರೂ ನಾನು ಮೊದಲು ಕೇಳುವುದು ಇದನ್ನೇ. ನೆಟ್ಟಗೆ ಸಾಕುವವರು, ತಮ್ಮ ನಾಯಿಯ ಮರಿ ಎಲ್ಲಿದೆ ಅಂತ ತಲೆ ಕೆಡಿಸಿಕೊಳ್ಳುವವರು ವಾಪಸ್ ತೆಗೆದುಕೊಳ್ಳುತ್ತಾರೆ. ಇವರು ಫೋನ್ ಮಾಡಿ ಕೇಳಿದ್ದರಂತೆ. “ಕೊಟ್ಟ ಮ್ಯಾಲ ಮುಗೀತ್ರಿ, ಬ್ಯಾರೆ ಯಾರಿಗಾರ ಮಾರ್ಕೋರಿ” ಅಂದನಂತೆ ಆತ.

ಸಿಟ್ಟು ಬಂತು. ಯಾರ ಮೇಲೆ ಅಂತ ಸರಿಯಾಗಿ ಹೇಳಲಾರೆ. ಮಾರಿದವನ ಮೇಲೆ, ಇವರ ಮೇಲೆ, ಸುಮ್ನೆ ಎಲ್ಲರ ಮೇಲೆ. ಒಂದು ಫೋಟೋ ನೋಡಿ ಜೀವ ಒಂದನ್ನು ಮನೆಗೆ ತಂದವರು, ಬಾಡಿಗೆ ಕರಾರು ಕೂಡ ಓದಿರಲಿಲ್ಲ. ‘ಇಲ್ಲಿ ಬಿಟ್ಟು ಹೋಗಿ, ನಾನು ನೋಡ್ಕೋತೀನಿ’ ಅಂತ ಹೇಳಿ ಗೇಟು ಹಾಕಿಕೊಳ್ಳುವ ಆಸೆ ನಾಲಗೆಯ ತುದಿಯವರೆಗೆ ಬಂದಿತ್ತು.

ಆ ಆಸೆಯನ್ನು ನಾನು ನಂಬುವುದಿಲ್ಲ. ಸಿಟ್ಟಿನಲ್ಲಿ ನಾಯಿ ಇಟ್ಟುಕೊಂಡವರನ್ನು ನೋಡಿದ್ದೇನೆ. ‘ಅವರ ಕೈಲಾಗಲಿಲ್ಲ, ನನ್ನ ಕೈಲಾಗುತ್ತೆ’ ಅನ್ನುವ ಜಂಬ ಹದಿನೈದು ದಿನ ಚೆನ್ನಾಗಿ ಓಡುತ್ತದೆ. ಬೆಳಗ್ಗೆ ಐದಕ್ಕೆ ಎದ್ದು ಉಚ್ಚೆ ಒರೆಸುವಾಗ ಅದು ಎಲ್ಲಿಗೋ ಹೋಗಿರುತ್ತದೆ. ಇನ್ನೊಬ್ಬರಿಗೆ ಬುದ್ಧಿ ಕಲಿಸಲು ತಂದ ನಾಯಿ ಕೊನೆಗೆ ಮನೆಯ ಹೆಂಗಸಿನ ತಲೆಗೆ ಬರುತ್ತದೆ. ನಮ್ಮ ಮನೆಗಳಲ್ಲಿ ‘ಇಟ್ಕೊಳ್ಳೋಣ’ ಅನ್ನುವವರು ಒಬ್ಬರು, ಅನ್ನ ಕಲಸಿ ಹಾಕುವವರು ಇನ್ನೊಬ್ಬರು. ಇದನ್ನು ನಾನು ಎಷ್ಟು ಮನೆಗಳಲ್ಲಿ ಕಂಡಿದ್ದೇನೆ ಅಂದರೆ, ಈಗ ಯಾರಾದರೂ ನಾಯಿ ಬೇಕು ಅಂದರೆ ಅವರನ್ನು ಬಿಟ್ಟು ಅವರ ಹೆಂಡತಿಯನ್ನೋ ಅಮ್ಮನನ್ನೋ ಮಾತಾಡಿಸುತ್ತೇನೆ.

ಒಳಗೆ ಕೂರಿಸಿ ಕಾಫಿ ಕೊಟ್ಟೆ. ಏನು ತೊಂದರೆ ಅಂತ ಒಂದೊಂದಾಗಿ ಹೇಳಿ ಅಂದೆ. ಹೇಳಿದರು. ಕಚ್ಚುತ್ತೆ. ರಾತ್ರಿ ಅಳುತ್ತೆ. ಮನೆ ತುಂಬ ಉಚ್ಚೆ. ಸೋಫಾ ಹರಿದಿದೆ. ಹೊಟ್ಟೆ ಸರಿಯಿಲ್ಲ. ಕೆಳಗಿನವರು ದೂರು ಕೊಟ್ಟಿದ್ದಾರೆ. “ಓನರ್, ನಾಯಿ ಇರೂದಾದ್ರ ಮನಿ ಖಾಲಿ ಮಾಡ್ರಿ ಅಂದಾರ್ರಿ.”

ಇದರಲ್ಲಿ ಮುಕ್ಕಾಲು ಭಾಗ ತಾನಾಗಿಯೇ ಹೋಗುವ ತೊಂದರೆಗಳು. ಮರಿಗೆ 28 ಹಾಲುಹಲ್ಲು. ನಾಲ್ಕನೇ ತಿಂಗಳಿಂದ ಅವು ಬಿದ್ದು 42 ಗಟ್ಟಿ ಹಲ್ಲು ಬರುತ್ತವೆ. ಆರು, ಏಳು ತಿಂಗಳಿಗೆ ಮುಗಿಯುತ್ತದೆ. ಅಲ್ಲಿವರೆಗೆ ವಸಡು ನವೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಒದ್ದೆ ಬಟ್ಟೆ ಗಂಟು ಹಾಕಿ ಫ್ರಿಜ್‌ನಲ್ಲಿಟ್ಟು ಕೊಟ್ಟರೆ ಸೋಫಾ ಉಳಿಯುತ್ತದೆ. ಮೂರು ತಿಂಗಳ ಮರಿ ಮೂರು ನಾಲ್ಕು ಗಂಟೆಗಿಂತ ಜಾಸ್ತಿ ಉಚ್ಚೆ ತಡೆಯಲಾರದು. ಅದು ಹಟವಲ್ಲ, ಅದರ ಮೂತ್ರಚೀಲವೇ ಅಷ್ಟು. ಎದ್ದ ಕೂಡಲೇ, ಉಂಡ ಕೂಡಲೇ, ಆಡಿ ಮುಗಿದ ಕೂಡಲೇ ಒಂದೇ ಜಾಗಕ್ಕೆ ಕರೆದುಕೊಂಡು ಹೋದರೆ ಕಲಿಯುತ್ತದೆ. ಹೊಟ್ಟೆಯ ವಿಷಯ ಕೇಳಿದರೆ ಕಥೆ ಬೇರೆ ಇತ್ತು. ಬೆಳಗ್ಗೆ ಹಾಲು ಬಿಸ್ಕೆಟ್, ರಾತ್ರಿ ತಮಗೆ ಉಳಿದ ಅನ್ನ ಸಾರು. ತಾಯಿ ಬಿಟ್ಟ ಮರಿಗೆ ಹಸುವಿನ ಹಾಲು ಎಷ್ಟೋ ಸಲ ಅರಗುವುದಿಲ್ಲ. ಸಾರಿನಲ್ಲಿ ಈರುಳ್ಳಿ. ಈರುಳ್ಳಿ ನಾಯಿಯ ರಕ್ತಕಣಕ್ಕೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಕೊಡಬಾರದು ಅಂದೆ. ಹುಡುಗಿ ಕಣ್ಣು ಅಗಲ ಮಾಡಿದಳು. “ಪಾಯಸದಾಗಿನ ದ್ರಾಕ್ಷಿ ಇವರ ಕೊಟ್ಟಿದ್ರು,” ಅಂತ ಗಂಡನ ಕಡೆ ಬೆರಳು ಮಾಡಿದಳು. ಅಂದು ಆಕೆ ಆಡಿದ ಮೊದಲ ಮಾತು ಅದು.

ಕೆಟ್ಟವರಲ್ಲ. ತಯಾರಿಲ್ಲದವರು. ಎರಡಕ್ಕೂ ವ್ಯತ್ಯಾಸ ಇದೆ. ಕೆಟ್ಟವರಾಗಿದ್ದರೆ ರಾತ್ರೋರಾತ್ರಿ ನೈಸ್ ರೋಡಿನ ಪಕ್ಕ ಬಿಟ್ಟು ಬರುತ್ತಿದ್ದರು. ಹಾಗೆ ಬಿಟ್ಟು ಬರುವುದು ಅಪರಾಧ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಇದೆ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ! ಇವತ್ತಿನ ಬೆಂಗಳೂರಿನಲ್ಲಿ ಐವತ್ತಕ್ಕೆ ಒಂದು ಮಸಾಲೆ ದೋಸೆ ಸಿಕ್ಕರೆ ಪುಣ್ಯ. ಆ ದಂಡಕ್ಕೆ ಹೆದರಿ ಯಾರೂ ನಾಯಿ ಉಳಿಸಿಕೊಳ್ಳುವುದಿಲ್ಲ. ಇವರು ಉಳಿಸಿಕೊಂಡದ್ದು, ಕಾರ್ಡಿನ ಪ್ರಕಾರ ಎರಡು ಡೋಸ್ ಲಸಿಕೆ ಹಾಕಿಸಿದ್ದು, ಜಂತು ಔಷಧಿ ಕುಡಿಸಿದ್ದು ನಾಚಿಕೆ ಮಾನ ಇರುವುದರಿಂದ.

ಹಾಗಾದರೆ ಇವರ ಹತ್ತಿರವೇ ಇರಲಿ, ಸಹಾಯ ಮಾಡೋಣ ಅಂತ ತೀರ್ಮಾನ ಮಾಡಿದೆ. ನಾಯಿ ಬಿಡಲು ಬಂದ ಎಷ್ಟೋ ಜನರಿಗೆ ಬೇಕಾಗಿರುವುದು ಒಂದು ರಾತ್ರಿಯ ನಿದ್ದೆ ಮತ್ತು ‘ಇದು ಎಲ್ಲರ ಮನೆಯಲ್ಲೂ ಆಗುತ್ತೆ’ ಅನ್ನುವ ಒಂದು ಮಾತು. ಅಷ್ಟಕ್ಕೇ ಸರಿಹೋಗಿ, ಆಮೇಲೆ ನಾಯಿ ಬಿಟ್ಟಿರಲಾರದವರಾದ ಜನ ನಮ್ಮ ಬಡಾವಣೆಯಲ್ಲೇ ಇದ್ದಾರೆ. ಊಟ ಬದಲಾಯಿಸಲು ಹೇಳಿದೆ. ಮಲಗುವ ಜಾಗ ಅವರ ಮಂಚದ ಪಕ್ಕಕ್ಕೆ ತರಿಸಿದೆ. ರಾತ್ರಿ ಅಳು ಕಡಿಮೆಯಾಯಿತು. ಹೊಟ್ಟೆ ಸರಿಯಾಯಿತು. ಕಚ್ಚುವುದೂ ಸ್ವಲ್ಪ ತಗ್ಗಿತು.

ಸರಿಯಾಗದೆ ಉಳಿದದ್ದು ಎರಡು. ಒಂದು ಮನೆ ಓನರ್. ಅಪಾರ್ಟ್‌ಮೆಂಟ್ ಸಂಘದವರು ಸಾಕುನಾಯಿ ಇಡಬೇಡಿ ಅನ್ನುವ ಹಾಗಿಲ್ಲ, ಲಿಫ್ಟ್‌ನಲ್ಲಿ ಬರಬೇಡಿ ಅನ್ನುವ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆ ಹಾಳೆ ತೋರಿಸಿ ಸಂಘದವರ ಜೊತೆ ವಾದ ಮಾಡಬಹುದು. ಆದರೆ ಇದು ಮೂರು ಮಹಡಿಯ ಬಾಡಿಗೆ ಮನೆ, ಓನರ್ ಕೆಳಗೇ ಇದ್ದಾರೆ, ಕರಾರಿನಲ್ಲಿ ನಾಯಿ ಬೇಡ ಅಂತ ಬರೆದು ಇವರು ಸೈನ್ ಹಾಕಿದ್ದಾರೆ. ಸುತ್ತೋಲೆ ತೋರಿಸಿದರೆ ಹನ್ನೊಂದು ತಿಂಗಳು ಮುಗಿದ ದಿನ ಚೀಲ ಹೊರಗೆ.

ಎರಡನೆಯದು ಹಗಲು. ಇಬ್ಬರೂ ಎಂಟೂವರೆಗೆ ಹೊರಟರೆ ಔಟರ್ ರಿಂಗ್ ರೋಡ್ ದಾಟಿ ವಾಪಸ್ ಬರುವುದು ರಾತ್ರಿ ಎಂಟು. “ಹಗಲೆಲ್ಲಾ ಒಂದ ಇರತೈತ್ರಿ,” ಅಂದಿದ್ದ ಹುಡುಗ. ಹನ್ನೊಂದೂವರೆ ಗಂಟೆ ಬಾಲ್ಕನಿಯಲ್ಲಿ. ಮುಧೋಳದ ಮರಿ. ಓಡಲಿಕ್ಕೆಂದೇ ಹುಟ್ಟಿದ ಆ ಕಾಲುಗಳನ್ನು ಇಟ್ಟುಕೊಂಡು ನಾಲ್ಕಡಿ ಜಾಗದಲ್ಲಿ ತಿರುಗುವುದು. ವಾಕಿಂಗ್ ಹುಡುಗನನ್ನು ಗೊತ್ತು ಮಾಡಿದರು. ಅವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಬೇರೆ ಯಾವ ತೊಂದರೆಗೂ ಉಪಾಯ ಇದೆ, ಇದಕ್ಕಿಲ್ಲ. ಮರಿ ಸಾಕಲು ಪ್ರೀತಿ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಪ್ರೀತಿ ಇವರ ಹತ್ತಿರವೂ ಇತ್ತು. ಬೆಳಗ್ಗೆ ಹನ್ನೊಂದು ಗಂಟೆಗೆ ಮನೆಯಲ್ಲಿ ಒಬ್ಬ ಮನುಷ್ಯ ಇರಲಿಲ್ಲ.

ನಮ್ಮ ಮನೆಯಲ್ಲಿ ಹನ್ನೊಂದಕ್ಕೆ ಮನುಷ್ಯರಿದ್ದಾರೆ. ಇಬ್ಬರು. ನಾನು ಮತ್ತು ಅತ್ತೆ. ಹಾಗಾದರೆ ಇಟ್ಟುಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ಮಗಳು ಫೋನಿನಲ್ಲಿ ಅದನ್ನೇ ಕೇಳಿದಳು. ಅವಳಿರುವುದು ಪುಣೆಯಲ್ಲಿ. ದೂರದಲ್ಲಿರುವವರಿಗೆ ನಾಯಿ ಸಾಕುವುದು ಬಹಳ ಸುಲಭ.

ನನಗೀಗ 54. ಈ ಜಾತಿಯ ನಾಯಿ ಹನ್ನೆರಡು, ಹದಿಮೂರು ವರ್ಷ ಬಾಳಬಹುದು. ಕರಿಯ ಬಂದಾಗ ನನಗೆ ಈ ಲೆಕ್ಕ ಬೇಕಾಗಿರಲಿಲ್ಲ. ಮೊದಲ ಎರಡು ಮೂರು ವರ್ಷ ದಿನಾ ಎರಡು ಹೊತ್ತು ಚೆನ್ನಾಗಿ ಓಡಿಸಬೇಕಾದ ನಾಯಿ ಇದು. ಬೆಳೆದರೆ ಎರಡು ಅಡಿಗಿಂತ ಎತ್ತರ. ರಸ್ತೆಯಲ್ಲಿ ಬೆಕ್ಕು ಕಂಡು ಒಮ್ಮೆ ಎಳೆದರೆ ನನ್ನ ಬಲ ಮಂಡಿ ನಿಲ್ಲುವುದಿಲ್ಲ, ಅದಕ್ಕೆ ಈಗಾಗಲೇ ಡಾಕ್ಟರು ಹೆಸರಿಟ್ಟಿದ್ದಾರೆ. ಅತ್ತೆಗೆ 79. ಕರಿಯನನ್ನು ಬೈದುಕೊಂಡೇ ಅವನಿಗೆ ತುಪ್ಪ ಹಚ್ಚಿದ ಚಪಾತಿ ಕೊಡುತ್ತಿದ್ದವರು. ನಾಯಿ ಅಂದರೆ ಅವರಿಗೆ ಬೇಸರವಿಲ್ಲ. ಆದರೆ ಬಂದ ಮೊದಲ ದಿನವೇ ಮರಿ ಅವರ ಸೆರಗು ಹಿಡಿದು ಜಗ್ಗಿತ್ತು. ಅವರು ಗೋಡೆ ಹಿಡಿದು ನಿಂತರು, ನಕ್ಕರು. ನನಗೆ ನಗು ಬರಲಿಲ್ಲ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರು ಎದ್ದು ಓಡಾಡುವುದು ಎಷ್ಟು ಕಷ್ಟ ಅಂತ ನಮ್ಮಮ್ಮನಲ್ಲಿ ನೋಡಿದ್ದೇನೆ. ಇನ್ನು ಮಿಣಕಿ. ಮರಿಯಿಂದ ಜೊತೆಗೇ ಬೆಳೆದರೆ ಬೇಟೆನಾಯಿಯೂ ಮನೆಯ ಬೆಕ್ಕಿಗೆ ಹೊಂದಿಕೊಳ್ಳಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಹೊಂದಿಕೊಳ್ಳದಿದ್ದರೆ ಗೊತ್ತಾಗುವುದು ಒಂದೇ ಸಲ.

ನಮ್ಮನೆಯವರು ಪೇಪರ್‌ನಿಂದ ತಲೆ ಎತ್ತದೆ, “ನೀನು ಇಟ್ಕೊಂಡ್ರೆ ಇಟ್ಕೋ. ಆದ್ರೆ ಮುಂದಿನ ತಿಂಗಳು ಇನ್ನೊಂದು ಬರುತ್ತೆ, ಅದಕ್ಕೆ ಏನು ಹೇಳ್ತೀಯ?” ಅಂದರು. ಅದು ಬೇಡ ಅನ್ನುವುದರ ಅವರ ರೀತಿ. ಸುಳ್ಳಲ್ಲ. ಒಂದು ಜಾಗದಲ್ಲಿ ಸುಲಭವಾಗಿ ಇಳಿಸಬಹುದು ಅಂತ ಗೊತ್ತಾದರೆ ಹೊರೆ ಹೊತ್ತವರೆಲ್ಲ ಅಲ್ಲಿಗೇ ಬರುತ್ತಾರೆ.

ಇಟ್ಟುಕೊಳ್ಳುವುದಿಲ್ಲ ಅಂತ ಹೇಳಿದೆ. ಆದರೆ ಬೇರೆ ಮನೆ ಸಿಗುವವರೆಗೆ ಹಗಲು ನಮ್ಮಲ್ಲಿ ಬಿಡಿ, ರಾತ್ರಿ ಕರೆದುಕೊಂಡು ಹೋಗಿ ಅಂದೆ. ಸಂಜೆ ಬಂದು ಕರೆದುಕೊಂಡು ಹೋಗಲೇಬೇಕು. ಇದು ಬೇಕೆಂದೇ ಇಟ್ಟ ಷರತ್ತು. ಪೂರ್ತಿ ನಮ್ಮ ಮನೆಗೆ ಬಿಟ್ಟರೆ ಅವರ ಮಟ್ಟಿಗೆ ಕೆಲಸ ಮುಗಿದ ಹಾಗೆ. ಆಮೇಲೆ ಮನೆ ಹುಡುಕುವವಳು ನಾನೊಬ್ಬಳೇ ಆಗುತ್ತೇನೆ. ಮೂರನೆಯ ಡೋಸ್, ರೇಬಿಸ್ ಚುಚ್ಚುಮದ್ದು, ಊಟ, ಎಲ್ಲ ಅವರದೇ ಖರ್ಚು. ಮೂರನೇ ಡೋಸ್ ಆಗಿ ಸ್ವಲ್ಪ ದಿನ ಕಳೆಯುವವರೆಗೆ ಬೀದಿಯ ಮಣ್ಣಿಗೆ ಇಳಿಸಬೇಡಿ ಅಂತಲೂ ಹೇಳಿದೆ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮರಿಗೆ ತಗುಲಿದರೆ ವಾಂತಿ, ರಕ್ತ ಭೇದಿ ಶುರುವಾಗಿ ಎರಡು ಮೂರು ದಿನದಲ್ಲೇ ಕೈಬಿಟ್ಟು ಹೋಗಬಹುದು.

ಮೊದಲು ಬಂದ ಸಲಹೆ ‘ತೋಟಕ್ಕೆ ಕೊಡಿ’. ಯಾವಾಗಲೂ ಇದೇ ಮೊದಲು ಬರುವುದು. ಮಾಗಡಿ ಕಡೆ ನಮ್ಮ ಭಾವನವರ ತೋಟ ಇದೆ, ಆರಾಮಾಗಿ ಓಡಾಡಿಕೊಂಡಿರುತ್ತೆ ಅಂದರು ಒಬ್ಬರು. ತೋಟ ಅಂದ ಕೂಡಲೇ ನಮ್ಮ ಕಣ್ಣಿಗೆ ಹಸಿರು ಹುಲ್ಲು, ಓಡುವ ನಾಯಿ ಬರುತ್ತದೆ. ನಾನು ಹೋಗಿ ನೋಡಿದ ತೋಟಗಳಲ್ಲಿ ಬಹುಪಾಲು ನಾಯಿಗಳು ಪಂಪ್‌ಹೌಸ್ ಪಕ್ಕ ಸರಪಳಿಯಲ್ಲಿದ್ದವು. ಮಾಲೀಕರು ವಾರಕ್ಕೊಮ್ಮೆ ಬರುತ್ತಾರೆ. ನೋಡಿಕೊಳ್ಳುವವನು ಮುದ್ದೆ ಹಾಕುತ್ತಾನೆ, ಪಾಪ ಅವನ ಸಂಬಳದಲ್ಲಿ ಅದೇ ಜಾಸ್ತಿ. ಮುಧೋಳದ ನಾಯಿಯನ್ನು ಸರಪಳಿ ಬಿಚ್ಚಿ ಬಿಟ್ಟರೆ ಪಕ್ಕದ ತೋಟದ ಕೋಳಿ, ಕುರಿಮರಿ ಉಳಿಯುವುದಿಲ್ಲ. ಒಂದು ಕೋಳಿ ಹೋದ ಮಾರನೆಯ ದಿನ ಸರಪಳಿ ಖಾಯಂ. ಚೆನ್ನಾಗಿ ನೋಡಿಕೊಳ್ಳುವ ತೋಟದವರೂ ಇದ್ದಾರೆ. ಅವರನ್ನು ಹುಡುಕುವ ಕಷ್ಟ ಬೆಂಗಳೂರಿನಲ್ಲಿ ಮನೆ ಹುಡುಕುವುದಕ್ಕಿಂತ ಕಡಿಮೆಯೇನಲ್ಲ.

ವಾಟ್ಸಾಪ್ ಗುಂಪುಗಳಿಗೆ ಫೋಟೋ ಹಾಕಿದೆವು. ಫೋನುಗಳು ಶುರುವಾದವು. ಮುಧೋಳ, ಹೆಣ್ಣು, ಉಚಿತ. ಈ ಮೂರು ಮಾತು ಒಟ್ಟಿಗೆ ಬಿದ್ದರೆ ಎಂಥ ಫೋನ್ ಬರುತ್ತವೆ ಅಂತ ನನಗೆ ಅಂದಾಜಿತ್ತು. “ಪೇಪರ್ಸ್ ಇದೆಯಾ ಮೇಡಂ?” ಅಂತ ತಳಿಯ ದಾಖಲೆ ಕೇಳಿದವನು ಇಲ್ಲ ಅಂದ ಕೂಡಲೇ ಫೋನ್ ಇಟ್ಟ. ಇನ್ನೊಬ್ಬ ತನ್ನ ಹತ್ತಿರ ಗಂಡಿದೆ, ಜೋಡಿ ಮಾಡ್ತೀನಿ, ಮೊದಲ ಸೂಲಿನಲ್ಲಿ ನಿಮಗೊಂದು ಮರಿ ಅಂದ. ಬಿಟ್ಟಿ ಸಿಕ್ಕಿದ ಹೆಣ್ಣುಮರಿ ಇಂಥವರ ಕೈಗೆ ಹೋದರೆ ಅದರ ಬಾಳು ಬರೀ ಹೆರುವುದರಲ್ಲೇ ಮುಗಿಯುತ್ತದೆ. ಒಬ್ಬರು ಮಗನ ಹುಟ್ಟುಹಬ್ಬಕ್ಕೆ ಬೇಕು, ಶುಕ್ರವಾರದೊಳಗೆ ಕೊಡ್ತೀರಾ ಅಂದರು. ಒಬ್ಬ ಅಜ್ಜ ಬಹಳ ಹೊತ್ತು ಮಾತಾಡಿದರು, ಮನೆಯಲ್ಲಿ ಒಬ್ಬರೇ ಇದ್ದಾರೆ, ಜೊತೆಗೆ ಒಂದು ಜೀವ ಇದ್ದರೆ ಅಂತ. ಅವರಿಗೆ ಇಲ್ಲ ಅನ್ನುವುದು ಎಲ್ಲಕ್ಕಿಂತ ಕಷ್ಟ ಆಯಿತು. ನನಗೆ ನಾನು ಹೇಳಿಕೊಂಡ ಕಾರಣಗಳನ್ನೇ ಅವರಿಗೂ ಹೇಳಿದೆ. ವಯಸ್ಸಾದ, ಶಾಂತವಾದ ನಾಯಿಗಳಿಗೂ ಮನೆ ಬೇಕಿರುತ್ತದೆ, ಕ್ಯೂಪಾದಂಥ ಪ್ರಾಣಿ ರಕ್ಷಣೆಯ ಸಂಸ್ಥೆಯಲ್ಲಿ ವಿಚಾರಿಸಿ ಅಂದೆ. ಮರಿ ಅಂದರೆ ಎಲ್ಲರೂ ಮುಗಿಬೀಳುತ್ತಾರೆ. ಎಂಟು ವರ್ಷದ ಲ್ಯಾಬ್ರಡಾರ್ ಹತ್ತಿರ ಯಾರೂ ಸುಳಿಯುವುದಿಲ್ಲ. ಅಜ್ಜನಿಗೆ ಅಂಥದೊಂದು ಸಿಕ್ಕಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು.

ಕೊನೆಗೆ ಬಂದವರು ಕೆಂಗೇರಿ ಕಡೆಯ ಒಂದು ಶಾಲೆಯ ಪಿಟಿ ಮೇಡಂ. ಅವರು ಕೇಳಿದ ಮೊದಲ ಪ್ರಶ್ನೆ, “ಈಗ ದಿನಕ್ಕೆ ಎಷ್ಟು ಸಲ ಊಟ ಕೊಡ್ತಿದೀರಾ?” ಎರಡನೆಯದು, “ಇದನ್ನ ಅವರು ಯಾಕೆ ಬಿಡ್ತಿದಾರೆ? ನಿಜ ಹೇಳಿ.” ಆಗಲೇ ನನಗೆ ಇವರೇ ಅಂತ ಅನಿಸಿಬಿಟ್ಟಿತು. ಆದರೂ ಮನೆ ನೋಡಲು ಹೋದೆ. ಸುತ್ತ ಕಾಂಪೌಂಡ್, ಗೇಟಿನ ಕೆಳಗಿನ ಸಂದಿಗೆ ಆಗಲೇ ಹಲಗೆ ಹೊಡೆಸಿದ್ದರು. ಸ್ವಂತ ಮನೆ. ಅಮ್ಮ ಅರವತ್ತರ ಆಸುಪಾಸು, ಗಟ್ಟಿ, ಹಗಲು ಮನೆಯಲ್ಲೇ ಇರುತ್ತಾರೆ. ಮೇಡಂ ಬೆಳಗ್ಗೆ ಐದೂವರೆಗೆ ಹೇಗೂ ಓಡುತ್ತಾರೆ. ಬೆಕ್ಕಿಲ್ಲ. ಅಮ್ಮನನ್ನು ಅಡುಗೆಮನೆಗೆ ಹೋಗಿ ಮಾತಾಡಿಸಿದೆ. “ನನಗೂ ಬೇಕಮ್ಮ, ಅವಳೊಬ್ಬಳಿಗೇ ಅಲ್ಲ. ಆದ್ರೆ ದೇವರ ಮನೆಗೆ ಬಿಡಲ್ಲ, ಅದೊಂದು ಹೇಳ್ಬಿಡ್ತೀನಿ,” ಅಂದರು. ದೇವರ ಮನೆಗೆ ನಮ್ಮ ಕರಿಯನನ್ನೂ ಬಿಡುತ್ತಿರಲಿಲ್ಲ. ಅದು ಅವನಿಗೆ ಒಂದು ವಾರದಲ್ಲಿ ಅರ್ಥವಾಗಿತ್ತು.

ಒಂದು ಹಾಳೆಯಲ್ಲಿ ಬರೆಸಿಕೊಂಡೆ. ಮರಿ ಹಾಕಿಸುವುದಿಲ್ಲ. ಡಾಕ್ಟರು ಹೇಳಿದ ವಯಸ್ಸಿಗೆ ಆಪರೇಷನ್ ಮಾಡಿಸುವುದು. ಇಟ್ಟುಕೊಳ್ಳಲಾಗದಿದ್ದರೆ ಬೇರೆಯವರಿಗೆ ಕೊಡದೆ ಮೊದಲು ನನಗೆ ಹೇಳುವುದು. ಕೋರ್ಟಿನಲ್ಲಿ ಇದಕ್ಕೆ ಎಷ್ಟು ಬೆಲೆಯೋ ಗೊತ್ತಿಲ್ಲ. ಬರೆಯುವಾಗ ಅವರ ಮುಖ ಹೇಗಿರುತ್ತದೆ ಅಂತ ನೋಡಲಿಕ್ಕೆ ಅದು ಸಾಕು. ಆಪರೇಷನ್ ಖರ್ಚು ಯಾರದು ಅಂತ ಮಾತು ಬಂದಾಗ ಜಮಖಂಡಿಯ ಹುಡುಗ ತಾನೇ ಮುಂದೆ ಬಂದ. ಮರಿಗೆ ಕೊಟ್ಟ ದುಡ್ಡಿಗಿಂತ ಅದೇ ಜಾಸ್ತಿ ಬೀಳುತ್ತದೆ ಅಂತ ಹೇಳಿದೆ. ಪರವಾಗಿಲ್ಲ ಅಂದ. ಹಣ ನನ್ನ ಹತ್ತಿರ ಕೊಟ್ಟಿದ್ದಾನೆ, ಒಂದು ಕವರಿನಲ್ಲಿ ಬೀರುವಿನಲ್ಲಿದೆ.

ಬಿಟ್ಟುಕೊಡುವ ದಿನ ಹುಡುಗಿ ಅತ್ತಳು. ಹುಡುಗ ಕಾರ್ಡು, ಬೆಲ್ಟು, ಅರ್ಧ ಚೀಲ ಊಟ, ಕಚ್ಚಿ ಕಚ್ಚಿ ನಾರಾಗಿದ್ದ ಒಂದು ಟವೆಲು ಕೊಟ್ಟ. ಟವೆಲು ತೊಳೆಯಬೇಡಿ ಅಂತ ಮೇಡಂಗೆ ನಾನು ಹೇಳಿದೆ, ಮೊದಲ ಕೆಲವು ರಾತ್ರಿ ಆ ವಾಸನೆ ಬೇಕಾಗುತ್ತದೆ. ಮರಿ ಆಟೋದಲ್ಲಿ ಮೇಡಂ ತೊಡೆಯ ಮೇಲೆ ಕೂತು ಹೊರಗೆ ಓಡುವ ಸ್ಕೂಟರ್‌ಗಳನ್ನು ನೋಡುತ್ತಿತ್ತು. ಹಿಂದೆ ತಿರುಗಿ ಏನೂ ನೋಡಲಿಲ್ಲ. ಸಿನಿಮಾಗಳಲ್ಲಿ ನೋಡುತ್ತವೆ.

ಆಟೋ ಹೋದ ಮೇಲೆ ಹುಡುಗ ಕೇಳಿದ, “ಆಂಟಿ, ರವಿವಾರ ಹೋಗಿ ಒಮ್ಮೆ ನೋಡಿ ಬರಬಹುದೇನ್ರೀ?”

ಆರು ತಿಂಗಳು ಬೇಡ ಅಂದೆ. ನಾಯಿಗೆ ಗೊಂದಲ ಆಗುತ್ತದೆಯೋ ಇಲ್ಲವೋ, ಮೇಡಂಗೆ ಖಂಡಿತ ಕಷ್ಟ ಆಗುತ್ತದೆ. ಹೊಸದಾಗಿ ಉಚ್ಚೆ ಒರೆಸುತ್ತಿರುವವರ ಮನೆಗೆ ಹಳೆಯ ಯಜಮಾನರು ಹಣ್ಣು ಹಿಡಿದುಕೊಂಡು ಹೋಗಿ ಮುದ್ದು ಮಾಡಿ ಬರುವುದು ಚೆನ್ನಾಗಿರುವುದಿಲ್ಲ. ಫೋಟೋ ಬಂದರೆ ಕಳಿಸುತ್ತೇನೆ ಅಂದೆ. ಸರಿ ಅಂದ. ಹಣ್ಣು ಅಂದ್ರ ದ್ರಾಕ್ಷಿ ಅಲ್ರೀ ಅಂತ ಹುಡುಗಿ ಮೂಗು ಒರೆಸಿಕೊಂಡು ಗಂಡನಿಗೆ ತಿವಿದಳು.